ಬದುವಿನ ಆಚೆ ಒಂಬತ್ತು, ಈಚೆ ನಾಲ್ಕೂವರೆ: ಒಂದೇ ಬೀಜದ ಎರಡು ಹತ್ತಿ ಹೊಲ

ಆಂಧ್ರದ ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ನೋಡಲು ಬರುವವರು ಮಾತಾಡುವುದು ಕಮ್ಮಿ. ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕುತ್ತಾರೆ. ಒಳಗಿನಿಂದ ಒಂದು ಹಿಡಿ ತೆಗೆಯುತ್ತಾರೆ. ಎರಡು ಬೆರಳಲ್ಲಿ ಎಳೆ ಜಗ್ಗಿ ನೋಡಿ ಮುಂದಿನ ರಾಶಿಗೆ ಹೋಗುತ್ತಾರೆ. 2025ರ ಜನವರಿಯಲ್ಲಿ ನಮ್ಮ ಚಿಕ್ಕಪ್ಪನ ರಾಶಿಯಿಂದ ಹಾಗೆ ತೆಗೆದ ಹಿಡಿಯಲ್ಲಿ ಅರ್ಧ ಬಿಳಿ, ಅರ್ಧ ಟೀ ಚೆಲ್ಲಿದ ಬಣ್ಣ. ಎರಡು ತೊಳೆ ಬಿಚ್ಚಿಕೊಳ್ಳದೆ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಖರೀದಿದಾರ ಅದನ್ನು ಮೆಲ್ಲಗೆ ರಾಶಿ ಮೇಲೆ ಇಟ್ಟು ಹೋದ. ಎಸೆದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ. ಆ ಲಾಟು ಕೊನೆಗೆ ಕ್ವಿಂಟಾಲಿಗೆ 5,900ಕ್ಕೆ ಹೋಯಿತು.

ನಾನು ಅದೇ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಎರಡು ತಿಂಗಳ ಹಿಂದೆ ದೊಡ್ಡಪ್ಪನ ಹತ್ತಿಗೆ ಸರಾಸರಿ 7,300 ಬಿದ್ದದ್ದನ್ನು ಪುಸ್ತಕಕ್ಕೆ ಬರೆದವನೂ ನಾನೇ. ಇಬ್ಬರಿಗೂ ತಲಾ ನಾಲ್ಕು ಎಕರೆ ಎರೆ ಹೊಲ. ನಡುವೆ ಇರುವುದು ಒಂದು ಬದು ಮಾತ್ರ. ದೊಡ್ಡಪ್ಪನಿಗೆ ಒಟ್ಟು 36.4 ಕ್ವಿಂಟಾಲ್ ಬಂತು, ಚಿಕ್ಕಪ್ಪನಿಗೆ 17.8. ಎಕರೆ ಲೆಕ್ಕದಲ್ಲಿ ಅಲ್ಲಿ ಒಂಬತ್ತು, ಇಲ್ಲಿ ನಾಲ್ಕೂವರೆ. ಹಣದಲ್ಲಿ ನೋಡಿದರೆ ಅಲ್ಲಿ ಸುಮಾರು 2,65,000, ಇಲ್ಲಿ 1,13,000. ಅರ್ಧ ಬೆಳೆದವನಿಗೆ ಅರ್ಧ ದುಡ್ಡೂ ಬರಲಿಲ್ಲ.

ಯಾಕೆ ಹೀಗಾಯಿತು ಅಂತ ತಿಳಿಯಲು ಆ ಹಂಗಾಮಿನ ಉದ್ದಕ್ಕೂ ನಾನು ಬರೆದಿಟ್ಟುಕೊಂಡಿದ್ದ ತಾರೀಖುಗಳನ್ನು ಮುಂದೆ ಹರಡಿ ಕೂತೆ. ಗುಮಾಸ್ತನ ಚಟ ಅದು, ತಾರೀಖು ಹಾಕದೆ ಏನೂ ಬರೆಯಲ್ಲ. ಈ ಸಲ ಆ ಚಟವೇ ಉಪಯೋಗಕ್ಕೆ ಬಂತು.

ಮೊದಲ ಅನುಮಾನ: ಬೀಜ

ಚಿಕ್ಕಪ್ಪನ ತೀರ್ಪು ಆಗಲೇ ಆಗಿತ್ತು. "ಕಳ್ಳ ಬೀಜ ಕೊಟ್ಟಾನಲೇ ಅಂಗಡಿಯವ. ನಡಿ, ಕೇಳೇ ಬಿಡೋಣ" ಅಂತ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತರು. ನಮ್ಮ ಕಡೆ ಬೆಳೆ ಕೆಟ್ಟರೆ ಮೊದಲ ಬೈಗುಳ ಬೀಜದ ಅಂಗಡಿಗೇ. ಸುಮ್ನೆ ಅಲ್ಲ, ನಕಲಿ ಬೀಜದಿಂದ ಮನೆ ಹಾಳಾದ ಕಥೆ ಊರೂರಿಗೂ ಇದೆ.

ಆದರೆ ಈ ಸಲ ಹಾಗಾಗಿರಲಿಲ್ಲ. ಇಬ್ಬರಿಗೂ ಸೇರಿಸಿ 16 ಪ್ಯಾಕೆಟ್ ತಂದದ್ದು ದೊಡ್ಡಪ್ಪನ ಮಗ, ನಮ್ಮ ಅಣ್ಣ. ಒಂದೇ ದಿನ, ಒಂದೇ ಅಂಗಡಿ. 2024ರಲ್ಲಿ ಬೋಲ್‌ಗಾರ್ಡ್ 2 ಅನ್ನುವ ಬಿ.ಟಿ. ಹತ್ತಿ ಬೀಜದ ಪ್ಯಾಕೆಟ್ಟಿಗೆ ಸರ್ಕಾರ ಕಟ್ಟಿದ ಗರಿಷ್ಠ ಬೆಲೆ 864 ರೂಪಾಯಿ, ಬಿಲ್ಲು 13,824. ಅಣ್ಣ ಖಾಲಿ ಪ್ಯಾಕೆಟ್ಟುಗಳನ್ನು ಬಿಲ್ಲಿನ ಜೊತೆ ಗೊಬ್ಬರದ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದ. ಇಳಿಸಿ ನೋಡಿದರೆ 16ಕ್ಕೂ ಒಂದೇ ಲಾಟ್ ನಂಬರ್. ಬದುವಿನ ಆಚೆ ಒಂಬತ್ತು ಕ್ವಿಂಟಾಲ್ ಕೊಟ್ಟ ಬೀಜ ಈಚೆ ಕಳ್ಳ ಬೀಜ ಆಗುವುದು ಹೇಗೆ? ಚಿಕ್ಕಪ್ಪ ಟವೆಲ್ ಕೆಳಗಿಟ್ಟರು.

ಬೀಜದ ಬಗ್ಗೆ ಒಂದು ತಪ್ಪು ತಿಳುವಳಿಕೆ ಮಾತ್ರ ಇಬ್ಬರಲ್ಲೂ ಇತ್ತು. 'ಬಿ.ಟಿ. ಹಾಕಿದರೆ ಕಾಯಿಕೊರಕ ಬರಲ್ಲ' ಅನ್ನುವುದು. ಹುಳುವಿಗೆ ವಿಷವಾಗುವ ಜೀನನ್ನು ಒಳಗೇ ಸೇರಿಸಿದ ಬೀಜ ಬಿ.ಟಿ. 2002ರಲ್ಲಿ ಬಿ.ಟಿ. ಬಂದಾಗ, 2006ರಲ್ಲಿ ಎರಡು ಜೀನಿನ ಬೋಲ್‌ಗಾರ್ಡ್ 2 ಬಂದಾಗ ಅದು ನಿಜವೇ ಆಗಿತ್ತು. ಹಸಿರು ಕಾಯಿಕೊರಕದ ಮಟ್ಟಿಗೆ ಇವತ್ತಿಗೂ ಬಹಳ ಮಟ್ಟಿಗೆ ನಿಜ. ಗುಲಾಬಿ ಕಾಯಿಕೊರಕ ಮಾತ್ರ ಕಳೆದ ಹತ್ತು ವರ್ಷದಲ್ಲಿ ಎರಡೂ ಜೀನಿನ ವಿಷವನ್ನು ಅರಗಿಸಿಕೊಂಡುಬಿಟ್ಟಿದೆ. ಪ್ಯಾಕೆಟ್ ಅದೇ, ಕಾವಲು ಅರ್ಧ. ಆದರೂ ಹುಳ ಇಬ್ಬರ ಹೊಲಕ್ಕೂ ಬಂದಿತ್ತು. ಚಿಕ್ಕಪ್ಪನ ಹೊಲವನ್ನೇ ಯಾಕೆ ಹಾಗೆ ತಿಂದಿತು ಅನ್ನುವುದು ಪ್ರಶ್ನೆ.

ಮುಚ್ಚಿದ ಗಂಡಿ

ಹೊಲದ ಇಳಿಜಾರು ಪಡುವಣದಿಂದ ಮೂಡಲಕ್ಕೆ. ಮೇಲೆ ದೊಡ್ಡಪ್ಪ, ಕೆಳಗೆ ಚಿಕ್ಕಪ್ಪ, ಅದರ ಕೆಳಗೆ ಹಳ್ಳ. ತಾತನ ಕಾಲದಲ್ಲಿ ಎಂಟೆಕರೆಯೂ ಒಂದೇ ಹೊಲ. ಮೂಡಣ ಬದುವಿನಲ್ಲಿ ನೀರು ಹಳ್ಳಕ್ಕೆ ಹೋಗಲು ಒಂದು ಗಂಡಿ ಇತ್ತು, ಕಲ್ಲು ಜೋಡಿಸಿ ಕಟ್ಟಿದ್ದು. ಮೂರು ವರ್ಷದ ಹಿಂದೆ ಟ್ರ್ಯಾಕ್ಟರ್ ತಿರುಗಲು ಜಾಗ ಬೇಕು ಅಂತ ಚಿಕ್ಕಪ್ಪ ಅದನ್ನು ಮಣ್ಣು ಹಾಕಿ ಮುಚ್ಚಿಸಿದರು. ಇನ್ನೊಂದು ಲೆಕ್ಕವೂ ಇತ್ತು: ಮಳೆ ಅಪರೂಪದ ಸೀಮೆಯಲ್ಲಿ ಹೊಲಕ್ಕೆ ಬಂದ ನೀರನ್ನು ಯಾರಾದರೂ ಹಳ್ಳಕ್ಕೆ ಬಿಡುತ್ತಾರಾ? ಬರ ನೋಡಿದವರ ಲೆಕ್ಕ ಅದು, ತಪ್ಪು ಅನ್ನಲಾರೆ.

ಬಿತ್ತನೆ ಆದದ್ದು ಆರಿದ್ರಾ ಮಳೆಗೆ, ಜೂನ್ 27ರ ಆಸುಪಾಸು. ಮೂರಡಿ ಸಾಲು, ಎರಡಡಿಗೆ ಒಂದು ಗಿಡ. ಎರಡೂ ಹೊಲದಲ್ಲಿ ಮೊದಲ ಎರಡು ತಿಂಗಳು ಯಾವ ವ್ಯತ್ಯಾಸವೂ ಇರಲಿಲ್ಲ. ನಿಜ ಹೇಳಬೇಕೆಂದರೆ ಕೆಳಗಿನದೇ ಚೆನ್ನಾಗಿತ್ತು, ಎರೆ ಅಲ್ಲಿ ಹೆಚ್ಚು ಆಳ. ಆಗಸ್ಟ್ ಕೊನೆಗೆ ಮಖಾ ಮಳೆ ಮೂರು ದಿನ ಬಿಡದೆ ಹೊಯ್ದಿತು. ಗಿಡಕ್ಕೆ ಆಗ 62 ದಿನ, ಮೊಗ್ಗು ತುಂಬಿ ಹೂ ಶುರುವಾದ ಹೊತ್ತು.

ನಾಲ್ಕನೇ ದಿನ ಬಿಸಿಲು ಬಿತ್ತು. ನಾನು ಅಣ್ಣನ ಜೊತೆ ಹೋಗಿದ್ದೆ. ದೊಡ್ಡಪ್ಪನ ಹೊಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೆ ಸಾಕಿತ್ತು. ಬದು ದಾಟಿ ಮೂಡಣ ಮೂಲೆಗೆ ಬಂದರೆ ಮೀನಖಂಡದವರೆಗೆ ಕಾಲು ಹೂತುಹೋಯಿತು. ಸುಮಾರು ಒಂದೂವರೆ ಎಕರೆಯಲ್ಲಿ ಸಾಲಿನ ನಡುವೆ ನೀರು ನಿಂತು ಆಕಾಶ ಕಾಣುತ್ತಿತ್ತು. ಗಿಡಗಳು ಮಾತ್ರ ಬಾಡಿದ್ದವು. ಎಲೆ ಕೆಳಗೆ ಜೋತು, ಮಾರ್ಚ್ ತಿಂಗಳ ಗಿಡದ ಹಾಗೆ. ಬುಡದಲ್ಲಿ ನೀರು, ತಲೆಯಲ್ಲಿ ಬಾಯಾರಿಕೆ. ಒಂದು ಗಿಡ ಅಲುಗಿಸಿದೆ. ಪಟಪಟ ಅಂತ ಮೊಗ್ಗು ಉದುರಿ ನೀರ ಮೇಲೆ ತೇಲಿದವು.

ಬೇರು ಉಸಿರಾಡಬೇಕು. ಎರೆ ಮಣ್ಣು ನೀರು ಕುಡಿದರೆ ಉಬ್ಬಿಕೊಂಡು ಸಂದುಗೊಂದು ಎಲ್ಲ ಮುಚ್ಚಿಬಿಡುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಉಸಿರು ಕಟ್ಟಿದ ಬೇರು ನೀರನ್ನು ಮೇಲೆ ಕಳಿಸುವುದನ್ನು ನಿಲ್ಲಿಸುತ್ತದೆ. ಮೋಡ ಇರುವವರೆಗೆ ಗೊತ್ತಾಗಲ್ಲ, ಬಿಸಿಲು ಬಿದ್ದ ತಕ್ಷಣ ಎಲೆ ನೀರು ಕೇಳುತ್ತದೆ, ಬುಡ ಕೊಡುವುದಿಲ್ಲ. ಗಿಡ ತನ್ನನ್ನು ಉಳಿಸಿಕೊಳ್ಳಲು ಮೊಗ್ಗು, ಹೂ, ಎಳೆ ಕಾಯಿ ಕಳಚುತ್ತದೆ. ಹತ್ತಿ ಗಿಡ ಒಳ್ಳೆಯ ಕಾಲದಲ್ಲೂ ಅರ್ಧಕ್ಕಿಂತ ಜಾಸ್ತಿ ಮೊಗ್ಗು, ಎಳೆ ಕಾಯಿ ಉದುರಿಸುವ ಜಾತಿ. ಇಲ್ಲಿ ಆಗಸ್ಟಿನ ಪೀಕೇ ಪೂರ್ತಿ ಹೋಯಿತು.

ಹೀಗೆ ದಿಢೀರನೆ ಬಾಡುವುದಕ್ಕೆ ರೋಗಾಣು ಕಾರಣ ಅಲ್ಲ. ಬಾಡಿದ ಕೆಲವೇ ಗಂಟೆಯಲ್ಲಿ ಲೀಟರಿಗೆ 10 ಮಿಲಿಗ್ರಾಂ ಕೋಬಾಲ್ಟ್ ಕ್ಲೋರೈಡ್ ಸಿಂಪಡಿಸಿದರೆ ಗಿಡ ಏಳುತ್ತದೆ ಅಂತ ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ನಾವು ಕೇಳಿದ ಎರಡು ಅಂಗಡಿಯಲ್ಲಿ ಅದು ಇರಲಿಲ್ಲ, ಹೊತ್ತೂ ಮೀರಿತ್ತು. ಮಾಡಬಹುದಾಗಿದ್ದ ಕೆಲಸ ಒಂದೇ, ಸನಿಕೆ ಹಿಡಿದು ಗಂಡಿ ಒಡೆಯುವುದು. ಅದನ್ನು ಮಾಡಿದ್ದು ಐದನೇ ದಿನ. ತಡವಾದದ್ದಕ್ಕೆ ಕಾರಣ ಜಗಳ. "ನಿಮ್ಮ ಹೊಲದ ನೀರೆಲ್ಲಾ ನನ್ನ ಹೊಲಕ್ಕ ಇಳಿದೈತಿ, ನೀವೂ ಆಳು ಕೊಡ್ರಿ" ಅಂತ ಚಿಕ್ಕಪ್ಪ. "ಗಂಡಿ ಮುಚ್ಚಿದಾಗ ನನ್ನ ಕೇಳಿದ್ದೇನು?" ಅಂತ ದೊಡ್ಡಪ್ಪ. ಇಬ್ಬರ ಮಾತೂ ಸರಿ. ನೀರು ಮಾತ್ರ ಅಲ್ಲೇ ನಿಂತಿತ್ತು.

ಎರಡು ಚೀಲ ಯೂರಿಯಾ

ನನ್ನ ಲೆಕ್ಕದಲ್ಲಿ ನಿಜವಾದ ನಷ್ಟ ಶುರುವಾದದ್ದು ನೀರು ಹೋದ ಮೇಲೆ.

ಗಿಡ ಹಳದಿಯಾಯಿತು. ಹಳದಿ ಕಂಡರೆ ಸಾರಜನಕ ಕಮ್ಮಿ ಅಂತ ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 5ಕ್ಕೆ, ಅಂದರೆ 70ನೇ ದಿನ, ಚಿಕ್ಕಪ್ಪ ಎಕರೆಗೆ ಒಂದು ಚೀಲ ಯೂರಿಯಾ ಎರಚಿದರು. ಕಾಯಿ ಕಾಣಲಿಲ್ಲ ಅಂತ ಸೆಪ್ಟೆಂಬರ್ 30ಕ್ಕೆ, 95ನೇ ದಿನ, ಇನ್ನೊಂದು ಚೀಲ. 45 ಕೆ.ಜಿ. ಚೀಲದಲ್ಲಿ ಸುಮಾರು 20 ಕೆ.ಜಿ. ಸಾರಜನಕ ಇರುತ್ತದೆ. ಎರಡು ಚೀಲ ಅಂದರೆ ಎಕರೆಗೆ 40 ಕೆ.ಜಿ., ಅದೂ ಮೊದಲು ಕೊಟ್ಟದ್ದರ ಮೇಲೆ. ನಮ್ಮ ಕಡೆ ಸಾರಜನಕವನ್ನು 20, 40, 60, 80ನೇ ದಿನಕ್ಕೆ ಕಂತು ಮಾಡಿ ಕೊಟ್ಟು ಅಲ್ಲಿಗೆ ಮುಗಿಸಬೇಕು ಅಂತ ಶಿಫಾರಸು. ಒದ್ದೆ ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತದೆ. ಬೇರು ಇನ್ನೂ ಸುಧಾರಿಸಿಕೊಂಡಿರುವುದಿಲ್ಲ, ಉಳಿದದ್ದನ್ನೂ ತಿನ್ನಲ್ಲ. ಅಂಥ ಹೊತ್ತಲ್ಲಿ ಎಲೆ ಮೇಲೆ ಕೊಡಬೇಕು: ನೀರಲ್ಲಿ ಕರಗುವ ಗೊಬ್ಬರ, ಲೀಟರಿಗೆ 10 ಗ್ರಾಂ 19-19-19 ಅಥವಾ 13-0-45, ವಾರ ಬಿಟ್ಟು ಇನ್ನೊಮ್ಮೆ. ಕೊಡುವುದಾದರೆ ಇಷ್ಟೇ ಸಾಕಿತ್ತು.

ಮಣ್ಣು ಆರಿದ ಮೇಲೆ ಬೇರು ಎಚ್ಚರವಾಯಿತು, ಎಲ್ಲವನ್ನೂ ಒಟ್ಟಿಗೆ ಎಳೆಯಿತು. ಅಕ್ಟೋಬರಿನಲ್ಲಿ ಆ ಹೊಲ ನೋಡಿದವರು ಹೊಗಳುತ್ತಿದ್ದರು. ಕಪ್ಪು ಹಸಿರು, ಹೆಗಲೆತ್ತರ, ಸಾಲು ಕಾಣದ ಹಾಗೆ ಒತ್ತು. "ಏನ್ ಬೆಳೆದೈತಿ ನೋಡ್ರಿ" ಅಂತ ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸುತ್ತಿದ್ದರು. ಒಳಗೆ ಹೊಕ್ಕರೆ ಕಾಯಿ ಇಲ್ಲ. ಮೆತ್ತಗಿನ ಎಲೆಗೆ ಜಿಗಿಹುಳು ಮುತ್ತಿತ್ತು, ಅಂಚು ಕೆಳಗೆ ಮುದುಡಿ ಸುಟ್ಟ ಹಾಗೆ. ಔಷಧ ಹೊಡೆಯುವವನು ಒಳಗೆ ನಡೆಯಲಾಗದೆ ಮೇಲಿಂದ ಮೇಲೆ ಹೊಡೆದು ಬಂದ. ಅಂಗಡಿಯಲ್ಲಿ ಚೀಟಿ ಬರೆದುಕೊಟ್ಟಿದ್ದರು, ಒಂದೇ ಟ್ಯಾಂಕಿಗೆ ಮೂರು ಔಷಧ. ಚೀಟಿ ತೆಲುಗಿನಲ್ಲಿತ್ತು. 1953ರವರೆಗೆ ಆದೋನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು, ನಮ್ಮ ಮನೆಯಲ್ಲಿ ಇನ್ನೂ ಅದೇ ಕನ್ನಡ. ಚಿಕ್ಕಪ್ಪ ಓದಿದ್ದು ಕನ್ನಡ ಶಾಲೆಯಲ್ಲಿ. ತೆಲುಗು ಮಾತಾಡುತ್ತಾರೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾರೆ. ಆ ಮೂರರಲ್ಲಿ ಎರಡು ಒಂದೇ ಗುಂಪಿನ ಔಷಧ ಅಂತ ತಿಳಿದದ್ದು ನಾನು ಡಬ್ಬಿ ಓದಿ ಹೇಳಿದಾಗ. ಅಷ್ಟು ಹೊತ್ತಿಗೆ ಏಳನೇ ಸಿಂಪರಣೆ ಆಗಿತ್ತು. ಹಂಗಾಮು ಮುಗಿಯುವಾಗ ಒಂಬತ್ತು. ದೊಡ್ಡಪ್ಪನದು ಐದು.

ದೊಡ್ಡಪ್ಪ ಏನೋ ದೊಡ್ಡ ಜಾಣ ಅಂತ ಹೇಳುತ್ತಿಲ್ಲ. ಅವರಿಗೂ ತೊಂದರೆ ಬಂತು. ಮೇಲಿನ ಹೊಲದ ಎರೆ ತೆಳು, ಸೆಪ್ಟೆಂಬರಿನ ಒಣ ದಿನಗಳಲ್ಲಿ ಎಲೆ ಕೆಂಪಾಗತೊಡಗಿತು. ಅದನ್ನು ರೋಗ ಅಂತ ತಿಳಿದು ಒಂದು ಸಲ ಶಿಲೀಂಧ್ರದ ಔಷಧ ಹೊಡೆದು ದುಡ್ಡು ಕಳೆದರು. ಆಮೇಲೆ ಅಣ್ಣ ಹಠ ಹಿಡಿದು ಲೀಟರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, 10 ಗ್ರಾಂ ಯೂರಿಯಾ ಕಲಸಿ ಎರಡು ಸಲ ಹೊಡೆದ, ಬೋರಿನ ನೀರನ್ನು ಸಾಲು ಬಿಟ್ಟು ಸಾಲಿಗೆ ಹಾಯಿಸಿದ. ಕೆಂಪಾದ ಎಲೆ ಹಸಿರಾಗಲಿಲ್ಲ, ಹೊಸದು ಕೆಂಪಾಗುವುದು ನಿಂತಿತು.

ಕಾಯಿ ಬಂದ ತಿಂಗಳು

ಎರಡೂ ಹೊಲದ ತಾರೀಖು ಪಕ್ಕಪಕ್ಕ ಬರೆದಾಗ ನನಗೆ ಕಂಡದ್ದು ಇದು. ಹೂವಾದ ಮೇಲೆ ಕಾಯಿ ಬಲಿತು ಒಡೆಯಲು 45ರಿಂದ 50 ದಿನ ಬೇಕು. ದೊಡ್ಡಪ್ಪನ ಹೊಲದಲ್ಲಿ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲರ್ಧದ ಹೂ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದೊಳಗೆ ಹತ್ತಿಯಾಗಿ ಒಡೆದಿತ್ತು. ಚಿಕ್ಕಪ್ಪನ ಹೊಲದಲ್ಲಿ ಆ ಹೂ ನೀರಲ್ಲಿ ತೇಲಿಹೋಗಿತ್ತು. ಯೂರಿಯಾ ತಿಂದು ಮತ್ತೆ ಎದ್ದ ಗಿಡ ಅಕ್ಟೋಬರಿನಲ್ಲಿ ಹೂ ಬಿಟ್ಟಿತು. ಅದರ ಕಾಯಿ ಹಸಿಯಾಗಿದ್ದದ್ದು ನವೆಂಬರ್ ಉದ್ದಕ್ಕೂ.

ನವೆಂಬರ್ ಗುಲಾಬಿ ಹುಳುವಿನ ತಿಂಗಳು. ಚಳಿ ಬಿದ್ದ ಹಾಗೆ ಅದರ ಸಂತಾನ ಏರುತ್ತದೆ. ಆ ಹೊತ್ತಿಗೆ ಮೇಲಿನ ಹೊಲದಲ್ಲಿ ಅದಕ್ಕೆ ತಿನ್ನಲು ಹಸಿ ಕಾಯಿ ಹೆಚ್ಚು ಉಳಿದಿರಲಿಲ್ಲ. ಕೆಳಗೆ ಊಟ ಬಡಿಸಿಟ್ಟಿತ್ತು.

ಅಣ್ಣ ಎಕರೆಗೆ ಎರಡರಂತೆ ಮೋಹಕ ಬಲೆ ಕಟ್ಟಿದ್ದ, ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡು ಪತಂಗವನ್ನು ಹಿಡಿಯುವ ಬಲೆ. ಒಂದು ಬಲೆಗೆ ರಾತ್ರಿಗೆ ಎಂಟು ಪತಂಗದಂತೆ ಮೂರು ರಾತ್ರಿ ಸತತ ಬಿದ್ದರೆ ಔಷಧ ಹೊಡೆಯುವ ಹೊತ್ತು ಅಂತ ಲೆಕ್ಕ. ಅಕ್ಟೋಬರ್ 20ರ ನಂತರ ಆ ಲೆಕ್ಕ ದಾಟಿತು. ಅಣ್ಣ ಹೇಳಿದ, ಚಿಕ್ಕಪ್ಪ ಕೇಳಲಿಲ್ಲ. "ಕಾಯಿ ಮ್ಯಾಲೆ ಒಂದು ತೂತಿಲ್ಲ, ಯಾವ ಹುಳ?" ಅಂದರು.

ಈ ಹುಳುವಿನ ಮೋಸ ಅದೇ. ನವೆಂಬರ್ 17 ಭಾನುವಾರ ಯಾರ್ಡಿಗೆ ರಜೆ. ಎರಡೂ ಹೊಲದಿಂದ ಅಲ್ಲೊಂದು ಇಲ್ಲೊಂದು ನಡೆಯುತ್ತಾ ಇಪ್ಪತ್ತಿಪ್ಪತ್ತು ಹಸಿ ಕಾಯಿ ಕಿತ್ತು ಬದುವಿನ ಮೇಲೆ ಹರಡಿದೆವು. ಹೊರಗೆ ಎಲ್ಲವೂ ನುಣ್ಣಗೆ, ಹಸಿರು, ನಿಂಬೆಹಣ್ಣಿನಷ್ಟು ಗುಂಡು. ಚಿಕ್ಕಪ್ಪ ತಾವೇ ಕುಡುಗೋಲಿನ ತುದಿಯಿಂದ ಸೀಳಿದರು. ಮೊದಲ ಎರಡು ಕಾಯಿ ಚೆನ್ನಾಗಿದ್ದವು. ಮೂರನೆಯದರಲ್ಲಿ ಒಂದು ತೊಳೆ ಕಂದು, ತೊಳೆಯ ನಡುವಿನ ಪೊರೆಯಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ತೂತು, ಬೀಜದೊಳಗೆ ತಲೆ ಹುಗಿಸಿಕೊಂಡ ಹುಳ. ಅರ್ಧ ಬೆರಳುಗುರಿನ ಉದ್ದ, ಮೈ ಮೇಲೆ ಗುಲಾಬಿ ಪಟ್ಟಿ. ಮೊಟ್ಟೆಯಿಂದ ಬಂದ ಕೂಡಲೇ ಮರಿಹುಳ ಕಾಯಿಯೊಳಗೆ ಹೋಗುತ್ತದೆ, ಹೋದ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊರಗಿನಿಂದ ಏನು ಹೊಡೆದರೂ ತಾಕುವುದಿಲ್ಲ.

ಮೇಲಿನ ಇಪ್ಪತ್ತರಲ್ಲಿ ಒಂದು ಕೆಟ್ಟಿತ್ತು. ಕೆಳಗಿನದರಲ್ಲಿ ಏಳು. ಇಪ್ಪತ್ತಕ್ಕೆ ಎರಡು ಅಂದರೇ ಎಚ್ಚರಿಕೆಯ ಗೆರೆ. ಚಿಕ್ಕಪ್ಪ ಕುಡುಗೋಲು ಮಣ್ಣಿಗೆ ಚುಚ್ಚಿ ಬೀಡಿ ಹಚ್ಚಿದರು, ಒಂದು ಮಾತೂ ಆಡಲಿಲ್ಲ.

ಅವತ್ತೇ ಗಿಡ, ಕಾಯಿ ಎಣಿಸಿದೆವು. ಮೇಲೆ ಎಕರೆಗೆ ಸುಮಾರು 6,500 ಗಿಡ ಉಳಿದಿದ್ದವು, ಗಿಡಕ್ಕೆ ಸರಾಸರಿ 32 ಕಾಯಿ, ಕಾಯಿಗೆ 4.4 ಗ್ರಾಂ ಹತ್ತಿ. ಗುಣಿಸಿದರೆ 915 ಕೆ.ಜಿ. ಕೆಳಗೆ 5,200 ಗಿಡ, 21 ಕಾಯಿ, 4.1 ಗ್ರಾಂ. ಗುಣಿಸಿದರೆ 448 ಕೆ.ಜಿ. ಯಾರ್ಡಿನ ತೂಕಕ್ಕೂ ಇದಕ್ಕೂ ಹೆಚ್ಚು ಕಮ್ಮಿ ಬರಲಿಲ್ಲ. ಗಿಡ ಸತ್ತದ್ದರಿಂದ ಹೋದದ್ದು ಐದನೇ ಒಂದು ಪಾಲು ಮಾತ್ರ. ಜಾಸ್ತಿ ಹೋದದ್ದು ಬದುಕಿ ನಿಂತ ಗಿಡದಲ್ಲೇ, ಕಾಯಿ ಲೆಕ್ಕದಲ್ಲಿ. ಬಂದ ಕಾಯಿಯ ಬಣ್ಣ ಕೆಟ್ಟದ್ದು ದರದಲ್ಲಿ ಇನ್ನೊಮ್ಮೆ ಹೊಡೆಯಿತು.

ಇದಕ್ಕೇ ನಾನು ಇದನ್ನು ಹುಳುವಿನ ನಷ್ಟ ಅನ್ನುವುದಿಲ್ಲ, ತಡದ ನಷ್ಟ ಅನ್ನುತ್ತೇನೆ. ಗಂಡಿ ಮುಚ್ಚಿದ್ದು ಕಾಯಿಯನ್ನು ಒಂದು ತಿಂಗಳು ಮುಂದೆ ತಳ್ಳಿತು, ಯೂರಿಯಾ ಇನ್ನಷ್ಟು ತಳ್ಳಿತು. ಹುಳ ಪ್ರತಿ ವರ್ಷ ಬರುವ ಹೊತ್ತಿಗೇ ಬಂತು.

ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ ಇದೆಲ್ಲ ಮೊದಲೇ ಗೊತ್ತಾಗಿತ್ತು. ಡಿಸೆಂಬರಿನಲ್ಲಿ ಕೆಳಗಿನ ಹೊಲಕ್ಕೆ ಬಂದವರು ಒಂದು ಸಾಲು ಬಿಡಿಸಿ ಕೂತುಬಿಟ್ಟರು. "ಇದು ಕೆ.ಜಿ. ಲೆಕ್ಕಕ್ಕ ಆಗಂಗಿಲ್ಲಣ್ಣಾ, ದಿನಗೂಲಿ ಕೊಡ್ರಿ" ಅಂದರು. ಅಂಟಿದ ತೊಳೆಯನ್ನು ಉಗುರಿನಿಂದ ಕಿತ್ತು ಕಿತ್ತು ಸಂಜೆವರೆಗೆ ಅರ್ಧ ಚೀಲ ತುಂಬುವುದಿಲ್ಲ. ಚಿಕ್ಕಪ್ಪ ದಿನಗೂಲಿಯನ್ನೇ ಕೊಟ್ಟರು.

ಹಿತ್ತಲಿನ ಬಣವೆ

ಇಷ್ಟಕ್ಕೇ ಮುಗಿಸಿದ್ದರೆ ದೊಡ್ಡಪ್ಪ ಗೆದ್ದ ಹಾಗೆ ಆಗುತ್ತಿತ್ತು. ಆದರೆ ಹುಳ ಎಲ್ಲಿಂದ ಬಂತು?

ಹತ್ತಿ ಮುಗಿದ ಮೇಲೆ ಕಟ್ಟಿಗೆಯಲ್ಲಿ ಉಳಿದ ಒಡೆಯದ ಕಾಯಿ, ಕಲೆ ಬಿದ್ದ ಬೀಜ, ಇವುಗಳೊಳಗೆ ಗುಲಾಬಿ ಹುಳ ತಿಂಗಳುಗಟ್ಟಲೆ ಮಲಗಿರುತ್ತದೆ. ಮುಂಗಾರು ಬಂದಾಗ ಪತಂಗವಾಗಿ ಹೊರಗೆ ಬರುತ್ತದೆ. ಜಿನ್ನಿಂಗ್ ಮಿಲ್ಲುಗಳ ಸುತ್ತ ಬಲೆ ಕಟ್ಟಿಸುವುದೂ ಇದಕ್ಕೇ. ಹಳಬರು 'ಎರಡನೇ ಬೊಂಬಾಯಿ' ಅಂತ ಕರೆಯುವ ಆದೋನಿಯಲ್ಲಿ ಮಿಲ್ಲುಗಳಿಗೇನು ಕಮ್ಮಿ. ಆದರೆ ನಮ್ಮ ಹೊಲಕ್ಕೆ ಮಿಲ್ಲಿಗಿಂತ ಹತ್ತಿರ ಇದ್ದದ್ದು ದೊಡ್ಡಪ್ಪನ ಹಿತ್ತಲಿನ ಬಣವೆ. ಹಿಂದಿನ ವರ್ಷದ ಹತ್ತಿ ಕಟ್ಟಿಗೆ, ಆಳೆತ್ತರ, ನೀರೊಲೆಗೆ ಅಂತ ಒಟ್ಟಿದ್ದು. ಬಣವೆ ಪಕ್ಕದ ಬಲೆಯಲ್ಲಿ ಬಿದ್ದಷ್ಟು ಪತಂಗ ದೂರದ ಯಾವ ಬಲೆಯಲ್ಲೂ ಬಿದ್ದಿರಲಿಲ್ಲ. ಅಣ್ಣನ ನೋಟ್‌ಬುಕ್ಕಿನಲ್ಲಿ ಅದು ಬರೆದಿತ್ತು, ಅವನು ಅಪ್ಪನ ಮುಂದೆ ಹೇಳಿರಲಿಲ್ಲ.

ಚಿಕ್ಕಪ್ಪ ಇನ್ನೊಂದು ತಪ್ಪೂ ಮಾಡಿದರು. ಹೋದ ದುಡ್ಡು ಎತ್ತಬೇಕು ಅಂತ ಡಿಸೆಂಬರಿನಲ್ಲಿ ಬೋರಿನ ನೀರು ಹಾಯಿಸಿ ಬೆಳೆಯನ್ನು ಫೆಬ್ರವರಿವರೆಗೆ ನಿಲ್ಲಿಸಿದರು. ಜನವರಿ ನಂತರ ಸಿಕ್ಕಿದ್ದು ಒಂದೂವರೆ ಕ್ವಿಂಟಾಲ್ ಕಲೆ ಹತ್ತಿ, ಅದು ಆ 17.8ರಲ್ಲೇ ಸೇರಿದೆ. ಹುಳುವಿಗೆ ಸಿಕ್ಕಿದ್ದು ಎರಡು ತಿಂಗಳ ಊಟ. ಡಿಸೆಂಬರ್ ಕೊನೆಗೆ ಕಿತ್ತು ಕಡಲೆ ಹಾಕುವ ಹೊತ್ತೂ ಆಗಲೇ ಮೀರಿತ್ತು.

2025ರ ಬೇಸಿಗೆಯಲ್ಲಿ ಗಂಡಿಯನ್ನು ಮತ್ತೆ ಕಲ್ಲು ಜೋಡಿಸಿ ಕಟ್ಟಿದರು. ಖರ್ಚು ಇಬ್ಬರದೂ ಅರ್ಧರ್ಧ. ದೊಡ್ಡಪ್ಪ ಬಾಯಿ ಬಿಟ್ಟು ಒಪ್ಪಲಿಲ್ಲ, ಬೆಳಿಗ್ಗೆ ಎರಡು ಆಳು ಕಳಿಸಿದರು ಅಷ್ಟೇ. ಟ್ರ್ಯಾಕ್ಟರ್ ತಿರುಗಲು ಗಂಡಿಯೊಳಗೆ ಎರಡು ಸಿಮೆಂಟ್ ಪೈಪ್ ಇಟ್ಟು ಮೇಲೆ ಮಣ್ಣು ಮುಚ್ಚಿದ್ದಾರೆ. ಇದನ್ನು ಮೂರು ವರ್ಷದ ಹಿಂದೆಯೇ ಮಾಡಬಹುದಿತ್ತು. ಕೆಳಗಿನ ಮೂಲೆಯಲ್ಲಿ ಈ ಸಲ ಬೋದು ಎಬ್ಬಿಸಿ ಬೋದಿನ ಮೇಲೆ ಬೀಜ ಊರಿದ್ದಾರೆ. ಯೂರಿಯಾ ಹಾಕುವ ದಿನಗಳನ್ನು ನಾನು ಕ್ಯಾಲೆಂಡರಿನಲ್ಲಿ ಕನ್ನಡದಲ್ಲಿ ಬರೆದು ಕೊಟ್ಟಿದ್ದೇನೆ. 80ನೇ ದಿನದ ಮೇಲೆ ಕೆಂಪು ಇಂಕಿನಲ್ಲಿ ಒಂದು ಅಡ್ಡ ಗೆರೆ.

ಬಣವೆ ವಿಷಯ ಮಾತ್ರ ಸುಲಭವಾಗಲಿಲ್ಲ. ಸುಡೋಣ ಅಂದರೆ ದೊಡ್ಡಮ್ಮ ಬಿಡಲಿಲ್ಲ. "ಸುಟ್ಟರ ಸ್ನಾನಕ್ಕ ನೀರು ಕಾಯಿಸೋರು ಯಾರು? ಸಿಲಿಂಡರ್ ನೀನು ತಂದು ಹಾಕ್ತೀಯೇನು?" ಅಂತ ನನ್ನನ್ನೇ ಕೇಳಿದರು. ಮೇ ತಿಂಗಳಿಂದ ಎರಡು ಸಿಲಿಂಡರ್ ತಂದು ಹಾಕಿದ್ದೇನೆ. ಬಣವೆ ಅರ್ಧ ಕರಗಿದೆ, ಉಳಿದರ್ಧಕ್ಕೆ ಅಣ್ಣ ಸೊಳ್ಳೆಪರದೆ ಹೊದಿಸಿ ಸುತ್ತ ಕಲ್ಲು ಇಟ್ಟಿದ್ದಾನೆ. ಜುಲೈ ಮೊದಲ ವಾರ ನೋಡಿದರೆ ಪರದೆಯ ಒಳಮಗ್ಗುಲಲ್ಲಿ ಬೂದು ಬಣ್ಣದ ಸಣ್ಣ ಪತಂಗಗಳು ಅಂಟಿಕೊಂಡಿದ್ದವು. ಚಿಕ್ಕಪ್ಪ ಬದು ದಾಟಿ ಬಂದು, ಕೂತು, ಒಂದೊಂದಾಗಿ ಎಣಿಸಿದರು.